ಬಿಸಿಲನ್ನು ಲೆಕ್ಕ ಹಾಕಿದ ವಾಸ್ತುಶಿಲ್ಪಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಶಿಕ್ಷಕರಿಗೆ ಒಂದು ಪ್ರಶ್ನೆ. ಮಾರ್ಚ್ ಕೊನೆಯ ಒಂದು ಮಧ್ಯಾಹ್ನ, ಮೂರೂವರೆ ಗಂಟೆಗೆ, ಕಾಂಕ್ರೀಟ್ ಚಾವಣಿಯ ತರಗತಿಯಲ್ಲಿ ನೀವು ಪಾಠ ಮಾಡುತ್ತಿದ್ದೀರಿ. ತಲೆಯ ಮೇಲೆ ಕೆಂಡ ಇಟ್ಟಂತಿದೆ. ಮಕ್ಕಳು ತೂಕಡಿಸುತ್ತಿದ್ದಾರೆ. ಅದೇ ಊರಿನ ಹಳೆಯ ಮಣ್ಣಿನ ಮಾಳಿಗೆ ಮನೆಯೊಳಗೆ ಕಾಲಿಟ್ಟರೆ ತಂಪು. ಬಿಸಿಲು ಎರಡಕ್ಕೂ ಒಂದೇ. ಹಾಗಾದರೆ ಈ ವ್ಯತ್ಯಾಸ ಏಕೆ?

ಈ ಪ್ರಶ್ನೆಯನ್ನೇ ತನ್ನ ಬದುಕಿನ ಕಸುಬಾಗಿಸಿಕೊಂಡ ವಾಸ್ತುಶಿಲ್ಪಿಯೊಬ್ಬರು ನಮ್ಮ ನಾಡಿನಲ್ಲಿ ಕೆಲಸ ಮಾಡಿದ್ದರು. ಹಿಟ್ಲರನ ಜರ್ಮನಿಯಲ್ಲಿ ನೆಲೆ ಕಳೆದುಕೊಂಡು ಮೈಸೂರು ಸಂಸ್ಥಾನಕ್ಕೆ ಬಂದ ಅವರ ಹೆಸರು ಆಟೊ ಕೋನಿಗ್ಸ್‌ಬರ್ಗರ್.

ಬರ್ಲಿನ್ನಿನಿಂದ ಬೆಂಗಳೂರಿಗೆ

ಕೋನಿಗ್ಸ್‌ಬರ್ಗರ್ ಹುಟ್ಟಿದ್ದು 1908ರಲ್ಲಿ, ಬರ್ಲಿನ್ನಿನ ಯಹೂದಿ ಮನೆತನದಲ್ಲಿ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿತರು. 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಬಹುಮಾನ ಅವರಿಗೆ ಸಂದಿತು. ಅದೇ ವರ್ಷ ನಾಜಿಗಳು ಅಧಿಕಾರ ಹಿಡಿದರು. ಯಹೂದಿ ಎಂಬ ಒಂದೇ ಕಾರಣಕ್ಕೆ ಅವರ ವೃತ್ತಿಯ ಬಾಗಿಲು ಮುಚ್ಚಿತು. ಈಜಿಪ್ಟಿಗೆ ಹೋಗಿ ಪುರಾತತ್ತ್ವಜ್ಞ ಲುಡ್ವಿಗ್ ಬೋರ್ಕಾರ್ಟ್ ಅವರೊಡನೆ ದುಡಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತು ಸಂಶೋಧನೆ ನಡೆಸಿದರು. ಸುಡುವ ಒಣ ನಾಡಿನಲ್ಲಿ ಜನ ಹೇಗೆ ಕಟ್ಟುತ್ತಾರೆ ಎಂಬುದನ್ನು ಕಣ್ಣಾರೆ ನೋಡುವ ಅವಕಾಶ ಅವರಿಗೆ ಅಲ್ಲಿ ದೊರೆಯಿತು.

ಬೆಂಗಳೂರಿನ ದಾರಿ ತೆರೆದದ್ದು ಭೌತವಿಜ್ಞಾನದ ಮೂಲಕ ಎಂಬುದು ನಮಗೆ ಕುತೂಹಲದ ಸಂಗತಿ. ಕ್ವಾಂಟಂ ಬಲವಿಜ್ಞಾನದ ಪ್ರವರ್ತಕರಲ್ಲೊಬ್ಬರಾದ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಬಾರ್ನ್ ಅವರೂ 1933ರಲ್ಲಿ ಗಾಟಿಂಗೆನ್ ಬಿಡಬೇಕಾಯಿತು. ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935–36ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು. ಕಾಯಂ ಹುದ್ದೆ ಕೈಗೂಡದೆ ಎಡಿನ್‌ಬರೋ ನಗರಕ್ಕೆ ಹೊರಟರು. ಆದರೆ ಇಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಗಿತ್ತು. ಸಂಸ್ಥಾನಕ್ಕೆ ಒಳ್ಳೆಯ ವಾಸ್ತುಶಿಲ್ಪಿಯೊಬ್ಬ ಬೇಕೆಂದು ದಿವಾನರು ಕೇಳಿದಾಗ ಬಾರ್ನ್ ಸೂಚಿಸಿದ ಹೆಸರು ತಮ್ಮ ಸೋದರಳಿಯನದು. 1939ರಲ್ಲಿ ಕೋನಿಗ್ಸ್‌ಬರ್ಗರ್ ಬೆಂಗಳೂರಿಗೆ ಬಂದರು. ಮುಂದೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು.

ಅವರು ರೂಪಿಸಿದ್ದರಲ್ಲಿ ಹೆಚ್ಚಿನವು ಸಾರ್ವಜನಿಕ ಕಟ್ಟಡಗಳು. ಬೆಂಗಳೂರಿನ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನ ಎಂಜಿನಿಯರಿಂಗ್ ಮತ್ತು ಲೋಹವಿಜ್ಞಾನ ವಿಭಾಗಗಳು, ಊಟದ ಸಭಾಂಗಣ ಇವುಗಳಲ್ಲಿ ಸೇರಿವೆ. ಭದ್ರಾವತಿಗೂ ಜಮ್‌ಶೆಡ್‌ಪುರಕ್ಕೂ ನಗರ ಯೋಜನೆ ಸಿದ್ಧಪಡಿಸಿದರು. ದಿವಾನರಿಗೆ ಗುಮ್ಮಟ, ಕಮಾನುಗಳ ಮೇಲೆ ಒಲವು. ಕೋನಿಗ್ಸ್‌ಬರ್ಗರ್ ಅವರಿಗೆ ಅಲಂಕಾರಕ್ಕಿಂತ ನೆರಳು, ಗಾಳಿ, ಬೆಳಕು ಮುಖ್ಯ.

ಚಾಚು ಮತ್ತು ಸೂರ್ಯ

ಇಲ್ಲಿ ಸ್ವಲ್ಪ ಗಣಿತ ಮಾಡೋಣ. ನಿಮ್ಮ ಐದೂ ತಾಲ್ಲೂಕುಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 51.5 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಾರ್ಚ್ 21ಕ್ಕೆ 75 ಡಿಗ್ರಿ. ಮೇ ತಿಂಗಳ ಆರಂಭದಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ ನೆತ್ತಿಯ ಮೇಲೇ ಬರುತ್ತಾನೆ. ಜೂನ್ 21ರಂದು ಉತ್ತರಕ್ಕೆ ಸರಿದಿರುತ್ತಾನೆ.

ದಕ್ಷಿಣದ ಕಿಟಕಿಯ ಮೇಲೆ 60 ಸೆಂಟಿಮೀಟರ್ ಅಗಲದ ಚಾಚು ಇದೆಯೆಂದುಕೊಳ್ಳಿ. ಅದರ ನೆರಳು ಗೋಡೆಯ ಮೇಲೆ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ತಿಳಿಯಲು ಚಾಚಿನ ಅಗಲವನ್ನು ಸೂರ್ಯನ ಎತ್ತರದ ಸ್ಪರ್ಶಕದಿಂದ ಗುಣಿಸಿದರೆ ಸಾಕು. ಮಾರ್ಚ್ 21ರ ನಡುಹಗಲು ಅದು ಸುಮಾರು 2.2 ಮೀಟರ್, ಇಡೀ ಕಿಟಕಿ ನೆರಳಿನಲ್ಲಿ. ಡಿಸೆಂಬರಿನಲ್ಲಿ ಕೇವಲ 75 ಸೆಂಟಿಮೀಟರ್. ಎಳೆಬಿಸಿಲು ಒಳಗೆ ಬರಲಿ ಬಿಡಿ. ಪಶ್ಚಿಮದ ಗೋಡೆಗೆ ಈ ಉಪಾಯ ಫಲಿಸದು. ಸಂಜೆಯ ಸೂರ್ಯ ಕೆಳಗಿರುವುದರಿಂದ ಎಷ್ಟು ಅಗಲದ ಚಾಚಿದ್ದರೂ ಬಿಸಿಲು ಅದರಡಿಯಿಂದ ನುಗ್ಗುತ್ತದೆ. ಆದ್ದರಿಂದ ಕಟ್ಟಡದ ಉದ್ದ ಪೂರ್ವ–ಪಶ್ಚಿಮವಾಗಿರಬೇಕು; ಕಿಟಕಿಗಳು ಉತ್ತರ, ದಕ್ಷಿಣಕ್ಕಿರಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಬುನಾದಿ ತೋಡುವ ಮೊದಲು ದಿಕ್ಸೂಚಿ ನೋಡಿದರಾಯಿತು.

ಗೋಡೆಯೊಳಗೆ ನಡೆಯುವ ಅಲೆ

ಇನ್ನು ಚಾವಣಿ. ಹಗಲು–ರಾತ್ರಿಗಳ ಬಿಸಿ ಏರಿಳಿತ 24 ಗಂಟೆ ಅವಧಿಯ ಒಂದು ಅಲೆ. ಅದು ಗೋಡೆ ಅಥವಾ ಚಾವಣಿಯೊಳಗೆ ಇಳಿಯುತ್ತಾ ತಡವಾಗುತ್ತದೆ, ಕ್ಷೀಣಿಸುತ್ತದೆ. ಉಷ್ಣವಹನದ ಸಮೀಕರಣವನ್ನು ಸರಳೀಕರಿಸಿ ಬಿಡಿಸಿದರೆ, 10 ಸೆಂಟಿಮೀಟರ್ ಕಾಂಕ್ರೀಟಿನಲ್ಲಿ ಈ ವಿಳಂಬ ಸ್ಥೂಲವಾಗಿ ಎರಡೂವರೆಯಿಂದ ಮೂರು ಗಂಟೆ, ಏರಿಳಿತ ಅರ್ಧಕ್ಕಿಳಿಯುತ್ತದೆ. 30 ಸೆಂಟಿಮೀಟರ್ ಒಣಮಣ್ಣಿನಲ್ಲಿ ವಿಳಂಬ ಸುಮಾರು ಹತ್ತು ಗಂಟೆ. ಏರಿಳಿತ ಹತ್ತನೆಯ ಒಂದು ಪಾಲಿಗಿಂತ ಕಡಿಮೆ.

ಈಗ ಮೊದಲ ಪ್ರಶ್ನೆಗೆ ಉತ್ತರ ತಾನಾಗಿಯೇ ಬರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಕಾಂಕ್ರೀಟ್ ಚಾವಣಿಯ ಮೇಲ್ಮೈ ಪಡೆದ ಗರಿಷ್ಠ ಬಿಸಿ ಮೂರೂವರೆ, ನಾಲ್ಕರ ವೇಳೆಗೆ ಒಳಮೈ ತಲುಪುತ್ತದೆ, ಸರಿಯಾಗಿ ನಿಮ್ಮ ಕೊನೆಯ ಪಾಠದ ಹೊತ್ತಿಗೆ. ಮಣ್ಣಿನ ಮಾಳಿಗೆಯಲ್ಲಿ ಅದು ಬರುವುದು ರಾತ್ರಿ ಹನ್ನೊಂದಕ್ಕೆ, ಅದೂ ಸೊರಗಿ. ಬೇಸಿಗೆಯ ರಾತ್ರಿ ನಮ್ಮ ಹಿರಿಯರು ಮಾಳಿಗೆಯ ಮೇಲೆ ಮಲಗುತ್ತಿದ್ದುದರ ಹಿಂದೆಯೂ ಇದೇ ಭೌತವಿಜ್ಞಾನವಿದೆ. ರಾತ್ರಿ ಖಾಲಿ ಇರುವ ಶಾಲೆಗೆ ದಪ್ಪ ಚಾವಣಿ ಹೇಳಿ ಮಾಡಿಸಿದ ಪರಿಹಾರವಲ್ಲವೆ?

ಎಡವಿ ಕಲಿತ ಪಾಠ

1948ರಲ್ಲಿ ಕೋನಿಗ್ಸ್‌ಬರ್ಗರ್ ಭಾರತ ಸರ್ಕಾರದ ವಸತಿ ನಿರ್ದೇಶಕರಾದರು. ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ಯೋಜನೆ ಅವರದೇ. ದೇಶವಿಭಜನೆಯಿಂದ ಮನೆ ಕಳೆದುಕೊಂಡು ಬಂದ ಲಕ್ಷಾಂತರ ಜನರಿಗೆ ಬೇಗ ಸೂರು ಒದಗಿಸಬೇಕಿತ್ತು. ಸ್ವತಃ ನಿರಾಶ್ರಿತರಾಗಿದ್ದವರಿಗೆ ಈ ಕೆಲಸದ ತುರ್ತು ಬೇರೆಯವರು ಹೇಳಬೇಕಿರಲಿಲ್ಲ. ಮನೆಯ ಭಾಗಗಳನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು, ತಂದು ಜೋಡಿಸುವ ಯೋಜನೆ ದೆಹಲಿಯಲ್ಲಿ ಆರಂಭವಾಯಿತು. ಆದರೆ ಕಾಂಕ್ರೀಟ್ ಫಲಕಗಳು ಬಿರುಕುಬಿಟ್ಟವು. ಕಟುಟೀಕೆ ಎದ್ದಿತು, ಯೋಜನೆ ನಿಂತಿತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ತೆರಳಿದರು.

ಈ ಸೋಲನ್ನು ಮುಚ್ಚಿಡಬೇಕಾಗಿಲ್ಲ. ಅದರ ನಂತರ ಅವರು ನಡೆದ ದಾರಿ ಗಮನಿಸಿ. 1954ರಲ್ಲಿ ವಿಶ್ವಸಂಸ್ಥೆಯ ತಂಡದೊಡನೆ ಇಂದಿನ ಘಾನಾಕ್ಕೆ ಹೋದಾಗ ಆ ತಂಡ ಸೂಚಿಸಿದ್ದು ಕಾರ್ಖಾನೆಯನ್ನಲ್ಲ, ಚಾವಣಿ ಸಾಲವನ್ನು. ಗೋಡೆಗಳನ್ನು ಜನ ತಮಗೆ ಗೊತ್ತಿರುವ ರೀತಿಯಲ್ಲಿ ತಾವೇ ಕಟ್ಟಿಕೊಳ್ಳಲಿ, ಕೈಗೆಟುಕದ ಚಾವಣಿಗೆ ಮಾತ್ರ ನೆರವು ದೊರೆಯಲಿ ಎಂಬುದು ಅದರ ತಿರುಳು.

ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕಲಿಸುವ ವಿಭಾಗವನ್ನು ಬೆಳೆಸಿದರು. ಕಾರ್ಲ್ ಮಹೋನಿ ಮತ್ತು ಮಾರ್ಟಿನ್ ಇವಾನ್ಸ್ ಅವರೊಡನೆ ಬರೆದ ಹವಾಮಾನ ಮತ್ತು ಮನೆ ವಿನ್ಯಾಸದ ಕೈಪಿಡಿಯನ್ನು ವಿಶ್ವಸಂಸ್ಥೆ 1971ರಲ್ಲಿ ಪ್ರಕಟಿಸಿತು. ಮಹೋನಿ ಕೋಷ್ಟಕಗಳಲ್ಲಿ ಒಂದು ಊರಿನ ತಿಂಗಳುವಾರು ಉಷ್ಣತೆ, ಆರ್ದ್ರತೆ, ಮಳೆಯ ಅಂಕಿಗಳನ್ನು ತುಂಬಿದರೆ, ಅಲ್ಲಿ ಕಿಟಕಿ ಎಷ್ಟು ದೊಡ್ಡದಿರಬೇಕು, ಗೋಡೆ ದಪ್ಪವಿರಬೇಕೆ, ತೆಳುವಿರಬೇಕೆ ಎಂಬ ಸಲಹೆ ದೊರೆಯುತ್ತದೆ. ಕೋನಿಗ್ಸ್‌ಬರ್ಗರ್ 1999ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಬೆಂಗಳೂರಿನ ಅವರ ಕಟ್ಟಡಗಳನ್ನು ಯಥಾವತ್ತಾಗಿ ಕೂಡ್ಲಿಗಿಯಲ್ಲಿ ಕಟ್ಟಿದರೆ ಅವರನ್ನು ಅನುಸರಿಸಿದಂತಾಗುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ತಂಪು ಊರು. ನಿಮ್ಮದು ಬಿರುಬಿಸಿಲಿನ ಒಣ ನೆಲ. ಅವರಿಂದ ನಾವು ಪಡೆಯಬೇಕಾದದ್ದು ನಕ್ಷೆಯನ್ನಲ್ಲ, ಕಟ್ಟುವ ಮೊದಲು ಅಳೆಯುವ ಅಭ್ಯಾಸವನ್ನು.

ಅಳತೆಯನ್ನು ನಿಮ್ಮ ವಿದ್ಯಾರ್ಥಿಗಳೇ ಆರಂಭಿಸಬಹುದು. ಮೂರು ಉಷ್ಣತಾಮಾಪಕಗಳು ಸಾಕು: ಒಂದು ತರಗತಿಯ ಚಾವಣಿಯ ಕೆಳಗೆ, ಒಂದು ಬೇವಿನ ಮರದ ನೆರಳಿನಲ್ಲಿ, ಮತ್ತೊಂದು ಮಣ್ಣಿನ ಮಾಳಿಗೆ ಮನೆಯೊಳಗೆ. ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಗಂಟೆಗೊಮ್ಮೆ ಓದಿ, ಮೂರೂ ರೇಖೆಗಳನ್ನು ಒಂದೇ ನಕ್ಷೆಯಲ್ಲಿ ಎಳೆಯಲಿ. ಯಾವ ರೇಖೆ ಎಷ್ಟು ಏರಿತು, ಯಾವಾಗ ಶಿಖರ ಮುಟ್ಟಿತು ಎಂಬುದನ್ನು ಗುರುತಿಸಲಿ. ಊರಿನಲ್ಲಿ ಹೊಸ ಶಾಲಾ ಕೊಠಡಿಯ ಮಾತು ಬಂದಾಗ ಆ ಹಾಳೆಯನ್ನು ಶಾಲಾಭಿವೃದ್ಧಿ ಸಮಿತಿಯ ಮುಂದಿಡಿ.