ಶ್ರಾಪ್‌ಶೈರ್: ಕೋಟೆಗಳ ಸೀಮೆಯಲ್ಲಿ ಕುಲುಮೆಗಳ ಚರಿತ್ರೆ

ಇಂಗ್ಲೆಂಡಿನ ಪಶ್ಚಿಮದಂಚಿನಲ್ಲಿ ವೇಲ್ಸ್‌ನ ಗುಡ್ಡಗಳಿಗೆ ತಾಗಿಕೊಂಡಿರುವ ಶ್ರಾಪ್‌ಶೈರ್ ಕೌಂಟಿ, ಅಂದರೆ ನಮ್ಮ ಜಿಲ್ಲೆಯನ್ನು ಸರಿಸುಮಾರು ಹೋಲುವ ಆಡಳಿತ ವಿಭಾಗ, ಇಂದಿಗೂ ಹುಲ್ಲುಗಾವಲು, ಕುರಿಮಂದೆ ಮತ್ತು ಸಂತೆಯೂರುಗಳ ಗ್ರಾಮೀಣ ಸೀಮೆಯಾಗಿಯೇ ಉಳಿದಿದೆ. ಅದರ ಪರಂಪರೆಯನ್ನು ಬಣ್ಣಿಸುವವರು ಸಾಮಾನ್ಯವಾಗಿ ಕೋಟೆಗಳಿಂದ ತೊಡಗುತ್ತಾರೆ. ಆದರೆ ಅಡುಗೆಯ ಪಾತ್ರೆ, ನದಿ ದಾಟುವ ದಾರಿ, ಬೆಂಕಿಯ ಭಯ, ದುಡಿಯುವವರ ಆರೋಗ್ಯ ಮುಂತಾದ ದಿನನಿತ್ಯದ ಅಗತ್ಯಗಳಿಗೆ ಅಲ್ಲಿನ ಸಣ್ಣ ಪಟ್ಟಣಗಳು ಕಂಡುಕೊಂಡ ಉತ್ತರಗಳಲ್ಲಿಯೇ ಆ ಸೀಮೆಯ ನಿಜವಾದ ಹಿರಿಮೆಯಿದೆ.

ಕೋಟೆಗಳಲ್ಲಿ ಲಡ್ಲೋ ಮುಖ್ಯವಾದುದು. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ನಾರ್ಮನ್ ಪಾಳೆಯಗಾರರಾದ ಡಿ ಲೇಸಿ ಮನೆತನದವರು ಕಟ್ಟತೊಡಗಿದ ಈ ಕೋಟೆ, ಮುಂದೆ ವೇಲ್ಸನ್ನೂ ಗಡಿಸೀಮೆಯನ್ನೂ ಆಳುತ್ತಿದ್ದ ರಾಜಮಂಡಳಿಯ ನೆಲೆಯಾಯಿತು. ಆ ಮಂಡಳಿ 1689ರಲ್ಲಿ ರದ್ದಾಯಿತು. ಕೋಟೆಯ ಗಾರ್ಡರೋಬ್ ಗೋಪುರ, ಎಂದರೆ ಗೋಡೆಯ ದಪ್ಪದೊಳಗೇ ಅಳವಡಿಸಿ ಮಲವು ತಾನಾಗಿ ಕೆಳಗೆ ಬೀಳುವಂತೆ ಮಾಡಿದ ಶೌಚಗೃಹಗಳ ಗೋಪುರ, ಇನ್ನೂ ನಿಂತಿದೆ. ನೆಲವನ್ನು ಅಗೆದು ಕೊಳವೆ ಹಾಕಲಾಗದ ಇಂಥ ಪುರಾತನ ಆವರಣಗಳಲ್ಲಿ ಉತ್ಸವ ನಡೆದಾಗ ಬಾಡಿಗೆಯ ಸಂಚಾರಿ ಶೌಚಾಲಯಗಳನ್ನು ತಂದಿರಿಸುವ ಈಗಿನ ರೂಢಿಯೂ ಅದೇ ಅಗತ್ಯದ ಮುಂದುವರಿಕೆಯಾದ್ದರಿಂದ, ಚರಿತ್ರಕಾರರು ಇದನ್ನು ಕೀಳೆಂದು ಬದಿಗಿಡುವುದು ಸರಿಯಲ್ಲ. ಕನ್ನಡ ಓದುಗರಿಗೆ ಲಡ್ಲೋ ಇನ್ನೊಂದು ಕಾರಣಕ್ಕೂ ಪ್ರಸ್ತುತ: ಈ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾಗಿದ್ದ, ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದನು, ಮತ್ತು ಟಿಪ್ಪುವಿನ ಹೂಚಿತ್ತಾರದ ಹತ್ತಿಬಟ್ಟೆಯ ಡೇರೆ ಆ ಮನೆತನದ ಮೂಲಕವೇ ಗಡಿಯಾಚೆಯ ಪೋವಿಸ್ ಕೋಟೆಯನ್ನು ಸೇರಿತು.

ಸೆವರ್ನ್ ನದಿಯ ಕಣಿವೆಯ ಕೋಲ್‌ಬ್ರೂಕ್‌ಡೇಲ್‌ಗೆ ಬ್ರಿಸ್ಟಲ್‌ನಿಂದ ಬಂದ ಅಬ್ರಹಾಂ ಡಾರ್ಬಿ ಅಗ್ಗದ ಎರಕದ ಅಡುಗೆಪಾತ್ರೆಗಳನ್ನು ತಯಾರಿಸಲು ಹೊರಟವನು. ಕಬ್ಬಿಣದ ಅದಿರನ್ನು ಕರಗಿಸಲು ಅಲ್ಲಿಯವರೆಗೆ ಕಟ್ಟಿಗೆಯ ಇದ್ದಿಲೇ ಬೇಕಾಗಿತ್ತು. ಡಾರ್ಬಿ 1709ರಲ್ಲಿ ಅದರ ಬದಲಿಗೆ ಕೋಕ್ ಬಳಸಿ ಯಶಸ್ವಿಯಾದನು. ಕೋಕ್ ಎಂದರೆ ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಅದರಲ್ಲಿನ ಹೊಗೆಯ ಅಂಶವನ್ನೂ ಗಂಧಕದ ಒಂದಷ್ಟು ಭಾಗವನ್ನೂ ಕಳೆದು ಪಡೆಯುವ ಇಂಧನ. ಕಾಡಿನ ಮಿತಿಯಿಂದ ಕಬ್ಬಿಣದ ಉದ್ಯಮವನ್ನು ಬಿಡುಗಡೆಗೊಳಿಸಿದ ಈ ಹೆಜ್ಜೆಗೆ ಯಾವ ಯುದ್ಧದ ಗೆಲುವೂ ಸಾಟಿಯಲ್ಲ.

ಅವನ ಮೊಮ್ಮಗ ಮೂರನೆಯ ಅಬ್ರಹಾಂ ಡಾರ್ಬಿ, ಇದೇ ಕೌಂಟಿಯ ಶ್ರೂಸ್‌ಬರಿ ಪಟ್ಟಣದ ವಾಸ್ತುಶಿಲ್ಪಿ ಥಾಮಸ್ ಫಾರ್ನಲ್ಸ್ ಪ್ರಿಚರ್ಡ್‌ನ ವಿನ್ಯಾಸವನ್ನು ಆಧರಿಸಿ, ಸುಮಾರು 30 ಮೀಟರ್ ಅಗಲದ ಒಂದೇ ಕಮಾನಿನ ಎರಕದ ಕಬ್ಬಿಣದ ಸೇತುವೆಯನ್ನು 1779ರಲ್ಲಿ ನಿಲ್ಲಿಸಿದನು. 1781ರ ಹೊಸವರ್ಷದ ದಿನ ಅದು ಸಂಚಾರಕ್ಕೆ ತೆರೆಯಿತು. ಕಬ್ಬಿಣವನ್ನು ಜೋಡಿಸುವ ಪದ್ಧತಿ ಇನ್ನೂ ರೂಢಿಯಾಗಿರದ ಕಾರಣ ಅದರ ಭಾಗಗಳನ್ನು ಬಡಗಿಗಳು ಮರಕ್ಕೆ ಬಳಸುವ ಕಚ್ಚುಗಳಿಂದಲೇ ಬೆಸೆಯಲಾಯಿತು ಎಂಬುದು, ಹಳೆಯ ಕಸುಬಿನ ಬಲದಿಂದಲೇ ಹೊಸದು ಹುಟ್ಟುತ್ತದೆಂಬುದಕ್ಕೆ ಒಳ್ಳೆಯ ಸಾಕ್ಷಿ. 1795ರ ಮಹಾಪೂರದಲ್ಲಿ ಸೆವರ್ನ್‌ನ ಹಲವು ಸೇತುವೆಗಳು ಜಖಂಗೊಂಡರೂ ಇದು ಉಳಿಯಿತು. ಈ ಕಣಿವೆ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅಗಸೆನಾರಿನ ಗಿರಣಿಗಳು ಬೆಂಕಿಗೆ ಆಹುತಿಯಾಗುತ್ತಿದ್ದುದನ್ನು ಕಂಡು ಚಾರ್ಲ್ಸ್ ಬೇಜ್ ಎಂಬವನು ಶ್ರೂಸ್‌ಬರಿಯ ಡಿದರಿಂಗ್ಟನ್‌ನಲ್ಲಿ ಸುಡುವ ಮರದ ಬದಲಿಗೆ ಕಬ್ಬಿಣದ ಕಂಬ ಮತ್ತು ತೊಲೆಗಳ ಗಿರಣಿಯನ್ನು ರೂಪಿಸಿದನು. 1797ರ ಈ ಕಟ್ಟಡ, ಲೋಹದ ಚೌಕಟ್ಟಿನ ಮೇಲೆ ನಿಲ್ಲುವ ಇಂದಿನ ಗಗನಚುಂಬಿಗಳ ಪೂರ್ವಜ.

ಮಚ್ ವೆನ್‌ಲಾಕ್ ಎಂಬ ಪುಟ್ಟ ಪಟ್ಟಣದ ವೈದ್ಯ ವಿಲಿಯಂ ಪೆನಿ ಬ್ರೂಕ್ಸ್, ದುಡಿಯುವ ವರ್ಗದವರ ದೇಹ ಮತ್ತು ಬುದ್ಧಿ ಎರಡೂ ಬೆಳೆಯಬೇಕೆಂದು ಬಯಸಿ 1850ರಲ್ಲಿ ಒಲಿಂಪಿಯನ್ ಕ್ರೀಡಾಕೂಟವನ್ನು ಆರಂಭಿಸಿದನು. 1890ರಲ್ಲಿ ಅದನ್ನು ನೋಡಲು ಬಂದ ಮತ್ತು ಮುಂದೆ ಒಲಿಂಪಿಕ್ಸನ್ನು ಪುನರುಜ್ಜೀವಗೊಳಿಸಿದ ಫ್ರಾನ್ಸಿನ ಪಿಯರ್ ಡಿ ಕೂಬರ್ಟಿನ್, ಆ ಕೆಲಸದಲ್ಲಿ ಬ್ರೂಕ್ಸ್‌ನ ಋಣವನ್ನು ಬರಹದಲ್ಲಿಯೇ ಒಪ್ಪಿಕೊಂಡನು. ಬ್ರೂಕ್ಸ್ 1895ರ ಡಿಸೆಂಬರ್‌ನಲ್ಲಿ, ಅಥೆನ್ಸ್‌ನ ಮೊದಲ ಆಧುನಿಕ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳು ಮುಂಚೆ ತೀರಿಕೊಂಡನು.