ಫಿಲಿಪ್ಪೀನ್ಸ್ ವಲಸೆ ಕಾರ್ಮಿಕರಿಗೆ ಸರ್ಕಾರದ ನೆರವು

ಹೊರದೇಶಗಳಲ್ಲಿ ದುಡಿಯುವ ತನ್ನ ಪ್ರಜೆಗಳಿಗಾಗಿ ಫಿಲಿಪ್ಪೀನ್ಸ್ ಸರ್ಕಾರ 1974ರಿಂದೀಚೆಗೆ ಕಟ್ಟಿಕೊಂಡು ಬಂದಿರುವ ಕಾನೂನು, ನಿಧಿ ಮತ್ತು ಕಚೇರಿಗಳ ವ್ಯವಸ್ಥೆ ಇದು. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಹೀಗೆ ದುಡಿಯುವವರ ಸಂಖ್ಯೆ ಸುಮಾರು 21.6 ಲಕ್ಷ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಹೊರದೇಶಗಳಲ್ಲಿರುವ ಫಿಲಿಪಿನೊಗಳು 2024ರಲ್ಲಿ ಬ್ಯಾಂಕುಗಳ ಮೂಲಕ ಊರಿಗೆ ಕಳಿಸಿದ ಹಣ 3,400 ಕೋಟಿ ಡಾಲರಿಗೂ ಹೆಚ್ಚು. ಇಷ್ಟು ಜನ, ಇಷ್ಟು ಹಣ ಇರುವಲ್ಲಿ ಸರ್ಕಾರ ಮುತುವರ್ಜಿ ವಹಿಸುವುದು ಸಹಜ. ಕಾರ್ಮಿಕರನ್ನು ಹೊರಗೆ ಕಳಿಸುವ ದೇಶಗಳು ಈ ವ್ಯವಸ್ಥೆಯನ್ನು ಮಾದರಿಯೆಂದು ನೋಡುವುದೂ ಉಂಟು. ಆದರೆ ಹೊಗಳುವವರು ಸಾಮಾನ್ಯವಾಗಿ ಬೊಟ್ಟು ಮಾಡುವುದು ರಾಯಭಾರ ಕಚೇರಿ, ಆಶ್ರಯಧಾಮ, ವಿಮಾನದಲ್ಲಿ ಕರೆತಂದವರ ಲೆಕ್ಕ ಇವುಗಳ ಕಡೆಗೆ. ವ್ಯವಸ್ಥೆಯ ನಿಜವಾದ ಬಲ ಇರುವುದು ಕುವೈತ್‌ನಲ್ಲೂ ಅಲ್ಲ, ರಿಯಾದ್‌ನಲ್ಲೂ ಅಲ್ಲ. ಮನಿಲಾದಲ್ಲಿ ಕೂತ ಏಜೆಂಟನ ಜುಟ್ಟು ಹಿಡಿಯುವ ಕಾನೂನಿನಲ್ಲಿ.

ಮೊದಲ ಎರಡು ದಶಕಗಳಲ್ಲಿ ಈ ಬಲ ಇಷ್ಟು ಸ್ಪಷ್ಟವಾಗಿರಲಿಲ್ಲ. ಫರ್ಡಿನಾಂಡ್ ಮಾರ್ಕೋಸ್ 1974ರಲ್ಲಿ ಹೊರಡಿಸಿದ ಕಾರ್ಮಿಕ ಸಂಹಿತೆಯ ಲಕ್ಷ್ಯವೆಲ್ಲ ಜನರನ್ನು ಕಳಿಸುವುದರ ಮೇಲೆಯೇ ಇತ್ತು. 1977ರಲ್ಲಿ ಕಲ್ಯಾಣ ನಿಧಿಯೊಂದು ಹುಟ್ಟಿತು. ಹತ್ತು ವರ್ಷಗಳ ನಂತರ ಅದೇ ಸಾಗರೋತ್ತರ ಕಾರ್ಮಿಕರ ಕಲ್ಯಾಣ ಆಡಳಿತವಾಯಿತು, ಕಾರ್ಮಿಕರ ಬಾಯಲ್ಲಿ ‘ಓವಾ’. ನಡುವೆ 1982ರಲ್ಲಿ ಸಂಬಳದ ಕನಿಷ್ಠ ಅರ್ಧ ಭಾಗವನ್ನು ಬ್ಯಾಂಕಿನ ಮೂಲಕವೇ ಊರಿಗೆ ಕಳಿಸಬೇಕೆಂಬ ಕಡ್ಡಾಯ ಆಜ್ಞೆಯೂ ಬಂತು. ಕಾರ್ಮಿಕರು ಪ್ರತಿಭಟಿಸಿದ ಮೇಲೆ 1985ರಲ್ಲಿ ಅದರ ದಂಡನೆಯ ಭಾಗವನ್ನು ಕೈಬಿಡಬೇಕಾಯಿತು. ಇದನ್ನೆಲ್ಲ ಬದಲಿಸಿದ್ದು ಒಂದು ಗಲ್ಲು. 1995ರ ಮಾರ್ಚ್ 17ರಂದು ಮನೆಗೆಲಸದಾಕೆ ಫ್ಲೋರ್ ಕಾಂಟೆಂಪ್ಲಾಸಿಯೋನ್ ಅವರನ್ನು ಜೋಡಿ ಕೊಲೆಯ ಆರೋಪದ ಮೇಲೆ ಸಿಂಗಪುರದಲ್ಲಿ ಗಲ್ಲಿಗೇರಿಸಿದರು. ತನ್ನ ಪ್ರಜೆಯ ಕಡೆಗೆ ಸರ್ಕಾರ ಸಕಾಲದಲ್ಲಿ ತಿರುಗಿಯೂ ನೋಡಲಿಲ್ಲವೆಂದು ದೇಶದ ತುಂಬ ಸಿಟ್ಟು ಭುಗಿಲೆದ್ದಿತು. ವಿದೇಶಾಂಗ ಸಚಿವ ರೊಬೆರ್ಟೊ ರೊಮುಲೊ ರಾಜೀನಾಮೆ ಕೊಟ್ಟರು. ಮೂರು ತಿಂಗಳು ತುಂಬುವ ಮುನ್ನವೇ, ಜೂನ್ 7ರಂದು, ವಲಸೆ ಕಾರ್ಮಿಕರ ಕಾಯ್ದೆಗೆ ಅಧ್ಯಕ್ಷ ಫಿಡೆಲ್ ರಾಮೋಸ್ ಸಹಿ ಹಾಕಿದರು. ಇಂದಿಗೂ ಅಲ್ಲಿ ಜೂನ್ 7 ವಲಸೆ ಕಾರ್ಮಿಕರ ದಿನ.

ಆ ಕಾಯ್ದೆಯ ಜೀವ ಅದರ 10ನೇ ಕಲಮಿನಲ್ಲಿದೆ. ಜೆಡ್ಡಾದ ಮಾಲೀಕನೊಬ್ಬ ಮನೆಗೆಲಸದಾಕೆಗೆ ಆರು ತಿಂಗಳ ಸಂಬಳ ಕೊಡಲಿಲ್ಲ ಎನ್ನಿ. ಮನಿಲಾದ ಯಾವ ಆದೇಶವೂ ಅವನನ್ನು ಮುಟ್ಟದು. ಆದರೆ ಅವನಿಗೆ ಆಳು ಒದಗಿಸಿದ ಏಜೆನ್ಸಿ ಮನಿಲಾದಲ್ಲೇ ಇದೆ. ಅದಕ್ಕೆ ಪರವಾನಗಿ ಇದೆ, ಸರ್ಕಾರದ ಬಳಿ ಅದರ ಠೇವಣಿ ಇದೆ. ಮಾಲೀಕನ ಬಾಕಿಗೆ ಈ ಏಜೆನ್ಸಿಯೂ ಪೂರ್ತಿ ಹೊಣೆ, ಅದರ ನಿರ್ದೇಶಕರೂ ಹೊಣೆ ಎನ್ನುತ್ತದೆ ಕಾನೂನು. ಊರಿಗೆ ಮರಳಿದ ಹೆಂಗಸು ತನ್ನದೇ ನೆಲದ ಕಾರ್ಮಿಕ ಆಯೋಗದ ಮುಂದೆ ಇಡೀ ಮೊತ್ತ ಕೇಳಬಹುದು. ಹೊರಡುವ ಮುನ್ನದ ಕಾಗದಪತ್ರಗಳಿಗೆಲ್ಲ ಅರ್ಥ ಬರುವುದೂ ಇಲ್ಲಿಯೇ. ಕರಾರನ್ನು ಸರ್ಕಾರ ಪರಿಶೀಲಿಸಿರಬೇಕು, ಪ್ರಯಾಣಪೂರ್ವ ತಿಳಿವಳಿಕೆ ಶಿಬಿರದಲ್ಲಿ ಕಾರ್ಮಿಕರು ಕೂತಿರಬೇಕು. ಕೊನೆಗೆ ವಿಮಾನ ನಿಲ್ದಾಣದ ವಲಸೆ ಕೌಂಟರಿನಲ್ಲಿ ಉದ್ಯೋಗ ಪ್ರಮಾಣಪತ್ರ ತೋರಿಸಬೇಕು. ಅದಿಲ್ಲದೆ ಮುಂದೆ ಬಿಡುವುದಿಲ್ಲ, ಇದ್ದರೆ ಪ್ರಯಾಣ ತೆರಿಗೆಯೂ ಇಲ್ಲ. ನೋಡಿದರೆ ಕಚೇರಿ ಅಲೆಸುವ ಕಿರುಕುಳ. ಆದರೆ ಮುದ್ರೆ ಬಿದ್ದ ಆ ಕರಾರಿನ ಒಂದು ಪ್ರತಿ ಮನಿಲಾದಲ್ಲಿ ಉಳಿದಿರುತ್ತದೆ. ವಿಮಾನ ಇಳಿದ ಕೂಡಲೇ, ಓದಲು ಬಾರದ ಅರಬ್ಬಿಯಲ್ಲಿ ಕಡಿಮೆ ಸಂಬಳದ ಇನ್ನೊಂದು ಕರಾರಿಗೆ ಸಹಿ ಹಾಕಿಸಿಕೊಳ್ಳುವುದು ಈ ದಂಧೆಯ ಹಳೆಯ ಮೋಸ. ಹೀಗೆ ಕರಾರು ಬದಲಿಸುವುದನ್ನು 1995ರ ಕಾಯ್ದೆ ಅಪರಾಧವೆಂದೇ ಎಣಿಸಿತು. 2010ರ ತಿದ್ದುಪಡಿ ಏಜೆನ್ಸಿಗಳ ಮೇಲೆ ವಿಮೆಯ ಹೊಣೆಯನ್ನೂ ಹೊರಿಸಿತು: ಅಪಘಾತದಲ್ಲಿ ಸತ್ತರೆ ಕನಿಷ್ಠ 15,000 ಡಾಲರ್, ಸಹಜ ಸಾವಿಗೆ 10,000. ಕಂತು ಏಜೆನ್ಸಿಯದು, ಅದನ್ನು ಕಾರ್ಮಿಕರ ತಲೆಗೆ ಕಟ್ಟುವಂತಿಲ್ಲ.

ಏಜೆನ್ಸಿಯ ಮೇಲೆ ಇಷ್ಟು ಭಾರ ಹಾಕಿದರೆ ಮಾಲೀಕರು ಬೇರೆ ದೇಶದವರನ್ನು ಹುಡುಕಿಕೊಂಡು ಹೋಗುತ್ತಾರೆ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ. ಕಾಯ್ದೆಯೇ ಅದಕ್ಕೆ ಅರ್ಧ ತಲೆಬಾಗಿತ್ತು. ಅನ್ಯಾಯವಾಗಿ ಕೆಲಸದಿಂದ ತೆಗೆದರೆ ಕರಾರಿನ ಉಳಿದ ಅವಧಿಯ ಪೂರ್ತಿ ಸಂಬಳ ಕೊಡಬೇಕು, ಇಲ್ಲವೇ ಉಳಿದ ಪ್ರತಿ ವರ್ಷಕ್ಕೆ ಮೂರು ತಿಂಗಳಂತೆ ಕೊಡಬೇಕು. ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಎಂದು ಅದರಲ್ಲಿ ಬರೆದಿತ್ತು. ಹನ್ನೆರಡು ತಿಂಗಳ ಕರಾರಿನ ಮೇಲೆ ಹಡಗು ಹತ್ತಿದ ನೌಕರನೊಬ್ಬ ಎರಡು ತಿಂಗಳು ಏಳು ದಿನಕ್ಕೇ ಮನೆಗೆ ಮರಳಬೇಕಾದಾಗ ಕೆಳಗಿನ ಹಂತಗಳಲ್ಲಿ ಅವನಿಗೆ ದಕ್ಕಿದ್ದು ಮೂರು ತಿಂಗಳ ಲೆಕ್ಕ ಮಾತ್ರ. ದೇಶದೊಳಗೆ ದುಡಿಯುವವರಿಗೆ ಇಲ್ಲದ ಮಿತಿ ಇವರಿಗೆ ಮಾತ್ರ ಏಕೆ ಎಂದು ಕೇಳಿದ ಸುಪ್ರೀಂ ಕೋರ್ಟ್ 2009ರಲ್ಲಿ ಆ ಷರತ್ತನ್ನು ಹೊಡೆದುಹಾಕಿತು. ಮರುವರ್ಷದ ತಿದ್ದುಪಡಿಯಲ್ಲಿ ಅದೇ ಷರತ್ತು ಹಿಂಬಾಗಿಲಿನಿಂದ ಮರಳಿ ಬಂತು. 2014ರಲ್ಲಿ ಕೋರ್ಟ್ ಎರಡನೆಯ ಸಲ ಅದನ್ನು ರದ್ದು ಮಾಡಿತು. ಕಾನೂನಿನ ಈ ಒಂದೇ ಸಾಲಿಗಾಗಿ ಇಷ್ಟು ಜಗ್ಗಾಟ ನಡೆದಿದೆ ಎಂದರೆ ಪೆಟ್ಟು ಬೀಳುವುದು ಎಲ್ಲಿ ಎಂಬುದು ಎರಡೂ ಕಡೆಯವರಿಗೆ ಗೊತ್ತಿದೆ ಎಂದೇ ಅರ್ಥ.

ಗಡಿಯಾಚೆಗಿನ ಕಥೆ ಬೇರೆ. ಫಿಲಿಪಿನೊ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿರುವ ದೇಶಗಳಲ್ಲಿ ದಿನದ 24 ಗಂಟೆಯೂ ತೆರೆದಿರುವ ನೆರವು ಕೇಂದ್ರ ಇರಬೇಕೆಂದು ಕಾಯ್ದೆ ಹೇಳುತ್ತದೆ. ‘ಬಹಾಯ್ ಕಲಿಂಗಾ’ ಎಂದು ಕರೆಯುವ ಆಶ್ರಯಧಾಮಗಳಲ್ಲಿ ಮಾಲೀಕನ ಮನೆಯಿಂದ ಉಟ್ಟಬಟ್ಟೆಯಲ್ಲಿ ಓಡಿಬಂದ ಹೆಂಗಸರು ಪಾಸ್‌ಪೋರ್ಟಿಗೂ ನಿರ್ಗಮನದ ಅನುಮತಿಗೂ ಕಾಯುತ್ತಾರೆ. ಕಾಯುವುದು ಏಕೆಂದರೆ, ಕೊಲ್ಲಿ ದೇಶಗಳ ಕಫಾಲಾ ಪದ್ಧತಿಯಲ್ಲಿ ಕಾರ್ಮಿಕರ ವಾಸದ ಹಕ್ಕೇ ಮಾಲೀಕನ ಹೆಸರಿಗೆ ಅಂಟಿಕೊಂಡಿರುತ್ತದೆ. ಅವನನ್ನು ಬಿಟ್ಟು ಓಡಿದವರು ಆ ನೆಲದ ಕಾನೂನಿನ ಕಣ್ಣಲ್ಲಿ ತಪ್ಪಿತಸ್ಥರು. 2018ರ ಏಪ್ರಿಲ್‌ನಲ್ಲಿ ರಾಯಭಾರ ಕಚೇರಿಯ ಸಿಬ್ಬಂದಿಯೇ ಮನೆಗಳಿಂದ ಕೆಲಸದವರನ್ನು ಬಿಡಿಸಿ ತಂದ ದೃಶ್ಯಗಳು ಹರಡಿದಾಗ ಕುವೈತ್ ಫಿಲಿಪ್ಪೀನ್ಸ್‌ನ ರಾಯಭಾರಿಯನ್ನೇ ಹೊರಹಾಕಿತು. 2023ರಲ್ಲಿ ಫಿಲಿಪಿನೊಗಳಿಗೆ ಹೊಸ ವೀಸಾ ನಿಲ್ಲಿಸಿದಾಗ ಅದು ಎತ್ತಿದ ತಕರಾರುಗಳಲ್ಲಿ ಆಶ್ರಯಧಾಮವೂ ಒಂದು. ಗಟ್ಟಿಯಾಗಿ ನಿಂತರೆ ಫಲ ಸಿಗುತ್ತದೆ, 2018ರ ಮೇ ತಿಂಗಳಲ್ಲಿ ಕುವೈತ್ ಜೊತೆ ಆದ ಒಪ್ಪಂದವೇ ಸಾಕ್ಷಿ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ: ಮಾಲೀಕರು ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳಬಾರದು, ಫೋನು ಬಳಸಲು ಬಿಡಬೇಕು ಎಂದು ಕುವೈತ್ ಒಪ್ಪಿತು. ಆದರೆ ನಾಲ್ಕು ಗೋಡೆಗಳ ನಡುವೆ ಅದನ್ನು ಪಾಲಿಸಿದರೋ ಇಲ್ಲವೋ ಎಂದು ನೋಡಬೇಕಾದವರು ಆ ದೇಶದ ಪೊಲೀಸರು. ರಾಯಭಾರ ಕಚೇರಿ ಅಡುಗೆಮನೆಯ ಬಾಗಿಲು ತಟ್ಟುವಂತಿಲ್ಲ.

ದುಡ್ಡಿನ ಮಾತನ್ನೂ ಬಿಡಿಸಿ ನೋಡಬೇಕು. ಓವಾ ನಿಧಿ ಬೆಳೆದದ್ದು ಬೊಕ್ಕಸದಿಂದಲ್ಲ, ಪ್ರತಿ ಕರಾರಿಗೆ 25 ಡಾಲರಿನ ಸದಸ್ಯತ್ವ ವಂತಿಗೆಯಿಂದ. 1995ರ ಕಾಯ್ದೆ ಕಾನೂನು ನೆರವಿಗೆಂದು 10 ಕೋಟಿ ಪೆಸೊ ತೆಗೆದಿರಿಸಿದಾಗಲೂ ಅದರಲ್ಲಿ 2 ಕೋಟಿ ಕಾರ್ಮಿಕರ ಈ ನಿಧಿಯಿಂದಲೇ ಬಂತು. ವಂತಿಗೆಯ ವಿಮೆ ಎಲ್ಲ ದೇಶಗಳಲ್ಲೂ ಇದೆ, ಇದರಲ್ಲೇನು ತಪ್ಪು ಎಂದು ಕೇಳಬಹುದು. ವಂತಿಗೆಯಲ್ಲಿ ತಪ್ಪಿಲ್ಲ, ಅದರಿಂದ ನಡೆದ ಕೆಲಸವನ್ನು ಸರ್ಕಾರದ ಔದಾರ್ಯವೆಂದು ಕರೆಯುವುದು ತಪ್ಪು. 2016ರ ಓವಾ ಕಾಯ್ದೆ ಇದನ್ನು ಸದಸ್ಯರ ಪರವಾಗಿ ಇರಿಸಿಕೊಂಡ ನ್ಯಾಸನಿಧಿ ಎಂದು ಒಪ್ಪಿಕೊಂಡದ್ದು ತಡವಾದರೂ ಸರಿಯಾದ ಹೆಜ್ಜೆ.

2021ರ ಡಿಸೆಂಬರ್ 30ರಂದು ಸಹಿಯಾದ ಕಾನೂನು ಏಳು ಕಚೇರಿಗಳನ್ನು ಒಗ್ಗೂಡಿಸಿ ವಲಸೆ ಕಾರ್ಮಿಕರ ಇಲಾಖೆಯನ್ನು ಸ್ಥಾಪಿಸಿತು. ಸೂಸನ್ ಓಪ್ಲೆ ಅದರ ಮೊದಲ ಪೂರ್ಣ ಪ್ರಮಾಣದ ಸಚಿವೆಯಾಗಿದ್ದರು. (ಭಾರತ 2004ರಲ್ಲಿ ಕಟ್ಟಿದ ಇಂಥದೇ ಸಚಿವಾಲಯವನ್ನು 2016ರಲ್ಲಿ ವಿದೇಶಾಂಗದೊಳಗೆ ಕರಗಿಸಿತು. ಭಟ್ಕಳ, ಉಡುಪಿ, ಮಂಗಳೂರಿನವರು ದುಡಿಯುವುದೂ ಅವೇ ಕೊಲ್ಲಿ ನಗರಗಳಲ್ಲಿ.) ಹೊರದೇಶದ ಉದ್ಯೋಗವನ್ನು ಆರ್ಥಿಕ ಬೆಳವಣಿಗೆಯ ಸಾಧನವಾಗಿ ಸರ್ಕಾರ ಉತ್ತೇಜಿಸುವುದಿಲ್ಲ ಎಂದು 1995ರ ಕಾಯ್ದೆಯಲ್ಲೇ ಬರೆದಿರುವಾಗ ಅದಕ್ಕೊಂದು ಇಲಾಖೆ ಕಟ್ಟುವುದು ಮಾತಿಗೆ ತಪ್ಪಿದಂತೆ ಎಂಬ ಟೀಕೆ ಬಂತು. ಟೀಕೆಯಲ್ಲಿ ಹುರುಳಿದೆ. ಆದರೆ ಇಲಾಖೆ ಇಲ್ಲದಿದ್ದರೂ ಜನ ಹೋಗುತ್ತಲೇ ಇದ್ದರು. ಪರವಾನಗಿ, ದೂರು, ವಕೀಲರ ನೆರವು ಬೇರೆ ಬೇರೆ ಬಾಗಿಲುಗಳಲ್ಲಿ ಹಂಚಿಹೋಗಿದ್ದಾಗ ಲಾಭ ಆಗುತ್ತಿದ್ದುದು ಏಜೆಂಟನಿಗೆ. ಒಂದೇ ಸೂರು ಆ ಮಟ್ಟಿಗೆ ವಾಸಿ. ಅದರಡಿಗೆ ಬಾರದವರೂ ಇದ್ದಾರೆ. ಪ್ರವಾಸಿ ವೀಸಾದಲ್ಲಿ ದುಬೈಗೆ ಹೋಗಿ ಅಲ್ಲೇ ಕೆಲಸ ಹಿಡಿದವರು 25 ಡಾಲರ್ ಕಟ್ಟಿ ಓವಾ ಸದಸ್ಯರಾಗಬಹುದು. ಅವರ ಬಾಕಿ ಸಂಬಳಕ್ಕೆ ಹೊಣೆಯಾಗುವ ಏಜೆನ್ಸಿ ಮಾತ್ರ ಮನಿಲಾದಲ್ಲಿ ಇರುವುದಿಲ್ಲ.