ಟಿಎಸ್‌ಎಚ್ ಸ್ವಲ್ಪ ಜಾಸ್ತಿ ಬಂದರೆ ಹೃದಯಕ್ಕೆ ಅಪಾಯವಾ? ರಿಪೋರ್ಟ್ ಹೇಳುವುದೆಷ್ಟು, ಹೇಳದಿರುವುದೆಷ್ಟು

ಕಳೆದ ವರ್ಷ ಆಫೀಸಿನಲ್ಲಿ ಎಲ್ಲರಿಗೂ ಆರೋಗ್ಯ ತಪಾಸಣೆ ಮಾಡಿಸಿದರು. ಸಂಜೆ ವಾಟ್ಸಾಪ್‌ಗೆ ಪಿಡಿಎಫ್ ಬಂತು. ಟಿಎಸ್‌ಎಚ್ 6.8 ಎಂದು ಕೆಂಪು ಅಕ್ಷರದಲ್ಲಿತ್ತು, ಪಕ್ಕದಲ್ಲಿ ಮೇಲ್ಮುಖದ ಬಾಣ. ಮಾರನೇ ದಿನವೇ ಲ್ಯಾಬಿನಿಂದ ಫೋನ್: "ಸರ್, ನಿಮಗೆ ಥೈರಾಯ್ಡ್ ತೋರಿಸ್ತಾ ಇದೆ. ಫುಲ್ ಪ್ರೊಫೈಲ್ ಮಾಡಿಸಿಬಿಡಿ, ಡಿಸ್ಕೌಂಟ್ ಇದೆ." ಮನೆಯಲ್ಲಿ ಅಮ್ಮ, "ಥೈರಾಯ್ಡ್ ಇದ್ರೆ ಹಾರ್ಟಿಗೂ ತೊಂದರೆಯಂತೆ ಕಣೋ, ಮಾತ್ರೆ ಶುರು ಮಾಡ್ಬಿಡು" ಅಂದರು.

ಅದೇ ತಪಾಸಣೆಯಲ್ಲಿ ನರ್ಸ್ ನನ್ನ ಬಿಪಿ ನೋಡಿ ಒಂದು ಚೀಟಿಯಲ್ಲಿ 144/92 ಎಂದು ಬರೆದುಕೊಟ್ಟಿದ್ದರು. ಅದಕ್ಕೆ ಕೆಂಪು ಬಣ್ಣವೂ ಇರಲಿಲ್ಲ, ಬಾಣವೂ ಇರಲಿಲ್ಲ. ಅದರ ಬಗ್ಗೆ ಯಾರೂ ಫೋನ್ ಮಾಡಲಿಲ್ಲ. ಹೃದಯದ ಲೆಕ್ಕದಲ್ಲಿ ಈ ಎರಡು ಸಂಖ್ಯೆಗಳಲ್ಲಿ ಯಾವುದಕ್ಕೆ ಹೆದರಬೇಕಿತ್ತು? ಈ ಬರಹ ಅದರ ಬಗ್ಗೆ.

ಟಿಎಸ್‌ಎಚ್ ಅಂದರೆ ಏನು?

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಾಕಾರದ ಥೈರಾಯ್ಡ್ ಗ್ರಂಥಿ ಇದೆ. ಅದು ಟಿ4 ಮತ್ತು ಟಿ3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ದೇಹ ಎಷ್ಟು ವೇಗದಲ್ಲಿ ಶಕ್ತಿ ಖರ್ಚು ಮಾಡಬೇಕು, ಹೃದಯ ಎಷ್ಟು ಜೋರಾಗಿ ಬಡಿಯಬೇಕು, ಯಕೃತ್ತು ರಕ್ತದಿಂದ ಎಷ್ಟು ಕೊಲೆಸ್ಟ್ರಾಲ್ ಹೀರಿಕೊಳ್ಳಬೇಕು ಎಂಬುದೆಲ್ಲ ಇವುಗಳ ಪ್ರಭಾವದಲ್ಲಿದೆ. ಟಿಎಸ್‌ಎಚ್ ಮಾತ್ರ ಥೈರಾಯ್ಡ್‌ನಲ್ಲಿ ಹುಟ್ಟುವುದಿಲ್ಲ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಆದೇಶ ಅದು. ರಕ್ತದಲ್ಲಿ ಟಿ4 ಕಮ್ಮಿಯಾದರೆ ಆದೇಶ ಜೋರಾಗುತ್ತದೆ, ಜಾಸ್ತಿಯಾದರೆ ಮೆಲ್ಲಗಾಗುತ್ತದೆ.

ಎಂಜಿನಿಯರಿಂಗ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಬರೆದವರಿಗೆ ಇದು ಫೀಡ್‌ಬ್ಯಾಕ್ ಲೂಪ್ ಅಂತ ತಕ್ಷಣ ಹೊಳೆಯುತ್ತದೆ. ಉಳಿದವರು ಗೀಸರಿನ ಥರ್ಮೋಸ್ಟಾಟ್ ನೆನೆಸಿಕೊಂಡರೆ ಸಾಕು. ಆದರೆ ಈ ಥರ್ಮೋಸ್ಟಾಟ್ ವಿಪರೀತ ಸೂಕ್ಷ್ಮ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಸುಮಾರು ನೂರು ಪಟ್ಟು ಏರಬಲ್ಲದು. ಹಾಗಾಗಿ ಟಿಎಸ್‌ಎಚ್ 3ರಿಂದ 6ಕ್ಕೆ ಹೋದರೆ ಹಾರ್ಮೋನು ಅರ್ಧ ಖಾಲಿಯಾಗಿದೆ ಎಂದಲ್ಲ. ಟಿ4 ಚೂರು ಕದಲಿದೆ, ಪಿಟ್ಯುಟರಿ ಅದನ್ನು ಗಮನಿಸಿದೆ ಅಷ್ಟೇ.

'ಸೌಮ್ಯ' ತೊಂದರೆ ಎಂದರೆ?

ಹೆಚ್ಚಿನ ಲ್ಯಾಬುಗಳು ಟಿಎಸ್‌ಎಚ್‌ನ ಮೇಲಿನ ಗಡಿಯನ್ನು 4ರಿಂದ 4.5ರ ಆಸುಪಾಸಿನಲ್ಲಿ ಇಡುತ್ತವೆ. ಟಿಎಸ್‌ಎಚ್ ಈ ಗಡಿ ದಾಟಿದ್ದು, ಫ್ರೀ ಟಿ4 ಮಾತ್ರ ಸರಿಯಾಗಿಯೇ ಇದ್ದರೆ ಅದನ್ನು ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡಿಸಂ ಎನ್ನುತ್ತಾರೆ. ಟಿ4 ಕೂಡ ಕುಸಿದಿದ್ದರೆ ಅದು ಪೂರ್ಣ ಪ್ರಮಾಣದ ಕಾಯಿಲೆ. ಅದಕ್ಕೆ ಚಿಕಿತ್ಸೆ ಬೇಕೇ ಬೇಕು, ಅದರಲ್ಲಿ ವಿವಾದವಿಲ್ಲ. ವಿವಾದ ಇರುವುದು ಈ ಮಧ್ಯದ ಗುಂಪಿನ ಬಗ್ಗೆ.

ಗುಂಪು ಸಣ್ಣದೂ ಅಲ್ಲ. 2013ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿ 8 ನಗರಗಳ 5,376 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಸುಮಾರು ಶೇ. 8ರಷ್ಟು ಜನರಲ್ಲಿ ಈ ಸೌಮ್ಯ ಸ್ಥಿತಿ ಕಂಡುಬಂತು. ಅಂದರೆ ನೂರು ಜನರ ಆಫೀಸಿನಲ್ಲಿ ಎಂಟು ಮಂದಿಗೆ ಆ ಕೆಂಪು ಬಾಣ ಬರಬಹುದು.

ಒಂದೇ ಟೆಸ್ಟ್ ನಂಬಬಹುದಾ?

ಇಲ್ಲ. ಟಿಎಸ್‌ಎಚ್ ದಿನವಿಡೀ ಏರಿಳಿಯುತ್ತದೆ: ರಾತ್ರಿ ಮತ್ತು ನಸುಕಿನಲ್ಲಿ ಜಾಸ್ತಿ, ಮಧ್ಯಾಹ್ನ ಕಮ್ಮಿ. ಜೋರು ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ತಾತ್ಕಾಲಿಕವಾಗಿ ಏರುತ್ತದೆ. ವಯಸ್ಸಾದಂತೆ ಸಹಜವಾಗಿಯೇ ಸ್ವಲ್ಪ ಮೇಲೆ ಹೋಗುತ್ತದೆ. ಕೂದಲು ಉದುರುತ್ತದೆ ಅಂತ ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳ ಲೆಕ್ಕವನ್ನೇ ಕೆಡಿಸಿ, ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ.

ಇಸ್ರೇಲಿನ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ ಟೆಸ್ಟಿನಲ್ಲಿ ಟಿಎಸ್‌ಎಚ್ 5.5ರಿಂದ 10ರ ನಡುವೆ ಇದ್ದವರನ್ನು 5 ವರ್ಷ ಗಮನಿಸಿದರು. ಅವರಲ್ಲಿ ಶೇ. 62ರಷ್ಟು ಜನರ ಟಿಎಸ್‌ಎಚ್ ಸಹಜ ಮಟ್ಟಕ್ಕೆ ವಾಪಸ್ ಬಂತು. ಆದ್ದರಿಂದ ಎರಡು-ಮೂರು ತಿಂಗಳು ಬಿಟ್ಟು, ಫ್ರೀ ಟಿ4 ಜೊತೆ ಮತ್ತೆ ಟೆಸ್ಟ್ ಮಾಡಿಸುವುದು ಮೊದಲ ಹೆಜ್ಜೆ. ಮಾತ್ರೆಯ ಮಾತು ಆಮೇಲೆ.

ಎರಡನೇ ಬಾರಿಯೂ ಜಾಸ್ತಿಯೇ ಬಂದರೆ ಟಿಪಿಒ ಆಂಟಿಬಾಡಿ ಟೆಸ್ಟ್ ಉಪಯೋಗಕ್ಕೆ ಬರುತ್ತದೆ. ನಮ್ಮದೇ ರೋಗನಿರೋಧಕ ವ್ಯವಸ್ಥೆ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿದೆಯಾ ಎಂಬುದನ್ನು ಇದು ಹೇಳುತ್ತದೆ. ಇಂಗ್ಲೆಂಡಿನ ವಿಕ್‌ಹ್ಯಾಮ್‌ನಲ್ಲಿ 1972ರಲ್ಲಿ ಶುರುವಾದ ಸಮೀಕ್ಷೆ 20 ವರ್ಷ ಜನರನ್ನು ಹಿಂಬಾಲಿಸಿತು. ಟಿಎಸ್‌ಎಚ್ ಮತ್ತು ಆಂಟಿಬಾಡಿ ಎರಡೂ ಜಾಸ್ತಿ ಇದ್ದ ಹೆಂಗಸರಲ್ಲಿ ವರ್ಷಕ್ಕೆ ಶೇ. 4.3ರಷ್ಟು ಮಂದಿಗೆ ಪೂರ್ಣ ಕಾಯಿಲೆ ಬಂತು. ಟಿಎಸ್‌ಎಚ್ ಮಾತ್ರ ಜಾಸ್ತಿ ಇದ್ದವರಲ್ಲಿ ಅದು ಶೇ. 2.6.

ತೂಕ ಏರಿದ್ದಕ್ಕೆ ಥೈರಾಯ್ಡ್ ಕಾರಣವಾ?

"ಥೈರಾಯ್ಡ್ ಇದೆ, ಅದಕ್ಕೇ ದಪ್ಪ ಆಗಿದೀನಿ" ಎಂಬ ಮಾತು ಎಲ್ಲ ಮನೆಯಲ್ಲೂ ಕೇಳಿಸುತ್ತದೆ. ಪೂರ್ಣ ಕಾಯಿಲೆಯಲ್ಲಿ ಕೆಲವು ಕಿಲೋ ಏರುವುದು ನಿಜ, ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು. ಸೌಮ್ಯ ಸ್ಥಿತಿಯಲ್ಲಿ ಸಂಬಂಧ ಎಷ್ಟೋ ಸಲ ಉಲ್ಟಾ. ದೇಹದ ಕೊಬ್ಬು ಹೆಚ್ಚಿದಾಗ ಟಿಎಸ್‌ಎಚ್ ಸ್ವಲ್ಪ ಏರುತ್ತದೆ, ತೂಕ ಇಳಿದಾಗ ತಾನೇ ಇಳಿಯುತ್ತದೆ. ಅಂಥವರಲ್ಲಿ ಟಿಎಸ್‌ಎಚ್ ತೂಕದ ಕಾರಣ ಅಲ್ಲ, ಪರಿಣಾಮ.

ಕೊಲೆಸ್ಟ್ರಾಲ್ ವಿಷಯದಲ್ಲಿ ಮಾತ್ರ ಥೈರಾಯ್ಡ್‌ನ ಪಾತ್ರ ಸ್ಪಷ್ಟ. ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ ಅನ್ನು ಸೆಳೆದುಕೊಳ್ಳುವ ಗ್ರಾಹಕಗಳನ್ನು ಯಕೃತ್ತು ತಯಾರಿಸಲು ಟಿ3 ಬೇಕು. ಹಾರ್ಮೋನು ಕಮ್ಮಿಯಾದರೆ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಜೊತೆಗೆ ರಕ್ತನಾಳಗಳು ಬಿಗಿಯಾಗಿ, ಬಡಿತದ ನಡುವೆ ಹೃದಯ ಸಡಿಲಗೊಳ್ಳುವುದು ನಿಧಾನವಾಗುತ್ತದೆ. ಥೈರಾಯ್ಡ್‌ಗೂ ಹೃದಯಕ್ಕೂ ನಂಟಿದೆ ಎಂಬ ಅಮ್ಮನ ಮಾತು ಹಾಗಾದರೆ ಸುಳ್ಳಲ್ಲ. ಪ್ರಶ್ನೆ ಇರುವುದು ಪ್ರಮಾಣದಲ್ಲಿ.

ಹೃದಯಕ್ಕೆ ಎಷ್ಟು ಅಪಾಯ?

2010ರಲ್ಲಿ 11 ಅಧ್ಯಯನಗಳ 55,287 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯೊಂದು ಅಮೆರಿಕದ ಜಾಮಾ ಪತ್ರಿಕೆಯಲ್ಲಿ ಬಂತು. ಟಿಎಸ್‌ಎಚ್ 4.5ರಿಂದ 6.9 ಇದ್ದವರಿಗೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸಹಜ ಥೈರಾಯ್ಡ್ ಇದ್ದವರಷ್ಟೇ ಇತ್ತು. 7ರಿಂದ 9.9ರಲ್ಲಿ ಅಲ್ಪ ಏರಿಕೆ, ಆದರೆ ಅದು ಕಾಕತಾಳೀಯವೂ ಆಗಿರಬಹುದಾದಷ್ಟು ಸಣ್ಣದು. 10ರಿಂದ 19.9ರ ಗುಂಪಿನಲ್ಲಿ ಅಪಾಯ ಸುಮಾರು 1.9 ಪಟ್ಟು.

ಅಂದರೆ 5.2 ಮತ್ತು 14 ಎರಡಕ್ಕೂ ಪಿಡಿಎಫ್ ಒಂದೇ ಕೆಂಪು ಬಣ್ಣ ಬಳಿಯುತ್ತದೆ, ಹೃದಯದ ಪಾಲಿಗೆ ಅವು ಬೇರೆ ಬೇರೆ.

ಮಾತ್ರೆ ತಗೊಂಡರೆ ಲಾಭ ಇದೆಯಾ?

2017ರಲ್ಲಿ ಟ್ರಸ್ಟ್ ಎಂಬ ಪ್ರಯೋಗದ ಫಲಿತಾಂಶ ಹೊರಬಂತು. ಯುರೋಪಿನ 65 ದಾಟಿದ 737 ಜನರಲ್ಲಿ ಒಂದು ಗುಂಪಿಗೆ ಲಿವೊಥೈರಾಕ್ಸಿನ್ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಒಂದು ವರ್ಷದ ನಂತರ ನೋಡಿದರೆ ಟಿಎಸ್‌ಎಚ್ ಇಳಿದಿತ್ತು, ಸುಸ್ತು ಮತ್ತಿತರ ಲಕ್ಷಣಗಳಲ್ಲಿ ಮಾತ್ರ ಎರಡೂ ಗುಂಪುಗಳಿಗೆ ವ್ಯತ್ಯಾಸವೇ ಇರಲಿಲ್ಲ. ಹೃದಯದ ಬಗ್ಗೆ ಕೊನೆಯ ಮಾತು ಹೇಳುವಷ್ಟು ದೊಡ್ಡ ಪ್ರಯೋಗ ಅದಾಗಿರಲಿಲ್ಲ, ನಿಜ. ಇನ್ನೊಂದು ಕಡೆ, 2012ರ ಬ್ರಿಟನ್ ಅಧ್ಯಯನದಲ್ಲಿ 40ರಿಂದ 70 ವಯಸ್ಸಿನವರಲ್ಲಿ ಮಾತ್ರೆ ತಗೊಂಡವರಿಗೆ ಹೃದಯದ ತೊಂದರೆ ಕಮ್ಮಿ ಕಂಡಿತ್ತು. ಆದರೆ ಅದು ವೈದ್ಯಕೀಯ ದಾಖಲೆಗಳನ್ನು ಗಮನಿಸಿದ ಅಧ್ಯಯನ. ಮಾತ್ರೆ ತಗೊಂಡವರು ಬೇರೆ ಆರೈಕೆಯನ್ನೂ ಚೆನ್ನಾಗಿ ಮಾಡಿಕೊಂಡಿರಬಹುದು.

2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಶಿಫಾರಸು ನೇರವಾಗಿತ್ತು: ಸೌಮ್ಯ ಸ್ಥಿತಿಯ ವಯಸ್ಕರಿಗೆ ವಾಡಿಕೆಯಂತೆ ಮಾತ್ರೆ ಕೊಡಬೇಡಿ. ಕೆಲವರನ್ನು ಅದು ಹೊರಗಿಟ್ಟಿತು: ಗರ್ಭಿಣಿಯರು, ಗರ್ಭ ಧರಿಸಲು ಪ್ರಯತ್ನಿಸುತ್ತಿರುವವರು, ಟಿಎಸ್‌ಎಚ್ 20 ದಾಟಿದವರು, ತೀವ್ರ ಲಕ್ಷಣ ಇರುವವರು, 30ರ ಒಳಗಿನಂಥ ಚಿಕ್ಕ ವಯಸ್ಸಿನವರು. ಇವರಲ್ಲಿ ವೈದ್ಯರು ಒಬ್ಬೊಬ್ಬರನ್ನೂ ನೋಡಿ ನಿರ್ಧರಿಸಬೇಕು. ಟಿಎಸ್‌ಎಚ್ 10ರ ಮೇಲೆ ನಿಂತಿದ್ದರೆ ಹೆಚ್ಚಿನ ವೈದ್ಯರು ಮಾತ್ರೆಯ ಕಡೆಗೇ ವಾಲುತ್ತಾರೆ, ಅದಕ್ಕೆ ಕಾರಣವೂ ಇದೆ.

"ತಗೊಂಡರೆ ಏನು ನಷ್ಟ?" ಎಂದು ಕೇಳಬಹುದು. ಡೋಸ್ ಜಾಸ್ತಿಯಾದರೆ ನಷ್ಟ ಇದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1994ರಲ್ಲೇ ತೋರಿಸಿದ ಪ್ರಕಾರ, 60 ದಾಟಿದವರಲ್ಲಿ ಟಿಎಸ್‌ಎಚ್ 0.1ಕ್ಕೆ ಕುಸಿದಿದ್ದರೆ, ಹೃದಯ ಲಯ ತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಷನ್ ಹತ್ತು ವರ್ಷದಲ್ಲಿ ಬರುವ ಸಾಧ್ಯತೆ ಮೂರು ಪಟ್ಟು. ಮೂಳೆಯೂ ಸವೆಯುತ್ತದೆ. ಹೃದಯ ಉಳಿಸಲು ಅಂತ ಶುರು ಮಾಡಿದ್ದು ಹೃದಯಕ್ಕೇ ತೊಂದರೆ ಮಾಡಬಹುದು.

ಹಾಗಾದರೆ ಅಪಾಯ ಎಲ್ಲಿದೆ?

ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯಕೀಯ ಓದಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ಕ್ಕೂ ಹೆಚ್ಚಿನ ಪಾಲು ಒಂಬತ್ತು ಅಂಶಗಳದ್ದು ಎಂದು ಅದು ಲೆಕ್ಕ ಹಾಕಿತು: ಕೊಬ್ಬಿನಾಂಶದ ಏರುಪೇರು, ತಂಬಾಕು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿ ತಿನ್ನದಿರುವುದು, ವ್ಯಾಯಾಮ ಇಲ್ಲದಿರುವುದು, ಮದ್ಯಸೇವನೆಯ ರೀತಿ. ಆ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಿಗೆ 53. ಉಳಿದವರಿಗೆ ಸುಮಾರು 59.

ಈಗ ನಮ್ಮ ದೇಶದ ಚಿತ್ರ ನೋಡಿ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ. 35.5 ಮಂದಿಗೆ ಬಿಪಿ, ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜು, ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ. ಬಿಪಿ ನೋಡಲು ಒಂದು ಪಟ್ಟಿ, ಸೊಂಟ ಅಳೆಯಲು ಒಂದು ಟೇಪು ಸಾಕು.

ಇಲ್ಲೇ ಇದು ರಾಜಕೀಯದ ಪ್ರಶ್ನೆಯೂ ಆಗುತ್ತದೆ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗಲೂ ಹೀಗೇ ಆಗಿತ್ತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಒಳ್ಳೆಯದೇ, ಆದರೆ ಅದು ಎದೆನೋವು ಶುರುವಾದ ಮೇಲಿನ ಸಹಾಯ. ಅದಕ್ಕೂ ಹತ್ತು-ಹದಿನೈದು ವರ್ಷ ಮೊದಲು ಆಗಬೇಕಾದ ಕೆಲಸವಿದೆ. ಸರ್ಕಾರದ ಉಚಿತ ಬಿಪಿ, ಸಕ್ಕರೆ ತಪಾಸಣಾ ಕಾರ್ಯಕ್ರಮ ಶುರುವಾಗುವುದೇ 30ರ ಮೇಲೆ. ಅದಕ್ಕಿಂತ ಚಿಕ್ಕವರನ್ನು ಮೊದಲು ತಲುಪುವುದು ಖಾಸಗಿ ಪ್ಯಾಕೇಜು. ಪ್ಯಾಕೇಜಿನಲ್ಲಿ ಎಪ್ಪತ್ತು-ಎಂಬತ್ತು ಟೆಸ್ಟ್ ಇರುತ್ತದೆ, ಆಮೇಲೆ ಕೂತು ಮಾತಾಡುವ ವೈದ್ಯರು ಇರುವುದಿಲ್ಲ.

ಹೆಂಗಸರಿಗೆ ಇದರ ಪೆಟ್ಟು ಜಾಸ್ತಿ. ಸುಸ್ತು ಅಂದರೆ "ಥೈರಾಯ್ಡ್ ಇರಬೇಕು" ಎಂಬ ಉತ್ತರ ಸಿದ್ಧ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಟಿಎಸ್‌ಎಚ್ 5.5ಕ್ಕೆ ಮಾತ್ರೆ ಬರೆಸಿಕೊಂಡು ಹಿಮೋಗ್ಲೋಬಿನ್ 8.5 ಇರುವುದನ್ನು ಮರೆತರೆ ಸುಸ್ತು ಹೋಗುವುದು ಹೇಗೆ?

ಕೆಂಪು ಬಾಣ ಬಂದರೆ ಏನು ಮಾಡಬೇಕು?

* ಎರಡು-ಮೂರು ತಿಂಗಳ ನಂತರ, ಅದೇ ಲ್ಯಾಬಿನಲ್ಲಿ, ಬೆಳಗಿನ ಅದೇ ಹೊತ್ತಿಗೆ ಟಿಎಸ್‌ಎಚ್ ಮತ್ತು ಫ್ರೀ ಟಿ4 ಮತ್ತೆ ಮಾಡಿಸಿ. ಬಯೋಟಿನ್ ತಗೊಳ್ಳುತ್ತಿದ್ದರೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ.
* ಗರ್ಭಿಣಿಯಾಗಿದ್ದರೆ ಅಥವಾ ಆ ಯೋಚನೆಯಲ್ಲಿದ್ದರೆ ಕಾಯಬೇಡಿ, ಕೂಡಲೇ ವೈದ್ಯರನ್ನು ನೋಡಿ. ಅಲ್ಲಿ ಲೆಕ್ಕವೇ ಬೇರೆ.
* ಬಿಪಿ, ಸೊಂಟದ ಸುತ್ತಳತೆ, ಎಲ್‌ಡಿಎಲ್, ಎಚ್‌ಬಿಎ1ಸಿ, ಹಿಮೋಗ್ಲೋಬಿನ್ ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಎಲ್‌ಡಿಎಲ್ ಜಾಸ್ತಿ ಇದ್ದವರು ಥೈರಾಯ್ಡ್ ನೋಡಿಸಿಕೊಳ್ಳುವುದು ಸರಿಯೇ.
* ಈಗಾಗಲೇ ಮಾತ್ರೆ ತಗೊಳ್ಳುತ್ತಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ. ಮೊದಲು ಯಾವ ಟಿಎಸ್‌ಎಚ್‌ಗೆ ಶುರುವಾಯಿತು, ಈಗಲೂ ಬೇಕಾ ಎಂದು ವೈದ್ಯರನ್ನು ಕೇಳಿ.
* ಮಾತ್ರೆ ಬೇಕು ಎಂದಾದರೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಳ್ಳಿ. ಕಾಫಿ ಅರ್ಧ-ಒಂದು ಗಂಟೆ ಕಾಯಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಇರಲಿ.

ನನ್ನದು ಏನಾಯಿತು? ಮೂರು ತಿಂಗಳ ನಂತರ ಟಿಎಸ್‌ಎಚ್ 4.1 ಬಂತು. ಬಿಪಿ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಉಪ್ಪಿನಕಾಯಿ ಕಮ್ಮಿಯಾಗಿದೆ, ಸಂಜೆ ನಡೆಯುತ್ತೇನೆ, ಬಿಪಿ ಮಾತ್ರೆಯೂ ಶುರುವಾಗಿದೆ. ಲ್ಯಾಬಿನವರು ಈಗಲೂ ಫೋನ್ ಮಾಡಿ ಥೈರಾಯ್ಡ್ ಪ್ಯಾಕೇಜಿನ ಆಫರ್ ಹೇಳುತ್ತಾರೆ. ಬಿಪಿ ಹೇಗಿದೆ ಅಂತ ಇವತ್ತಿಗೂ ಕೇಳಿಲ್ಲ.